ನುಸಿಗುಳಿಗೆ: ಮನೆಯಲ್ಲಿ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನುಸಿಗುಳಿಗೆ, ಡಾಂಬರು ಗುಳಿಗೆ, ನ್ಯಾಫ್ತಲೀನ್ ಬಾಲ್ಸ್ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಅಂಗಡಿಯವರು ಕೊಡುವುದು ಅದೇ ಬಿಳಿ ಉಂಡೆ. ಬಟ್ಟೆ ಟ್ರಂಕಿಗೆ, ಬೀರುವಿಗೆ, ಬೇಸಿನ್ನಿನ ಜಾಲರಿಗೆ, ಪುಸ್ತಕದ ಕಪಾಟಿಗೆ, ಹಾವು ಬರದಿರಲೆಂದು ಹಿತ್ತಲಿಗೂ ಹಾಕುತ್ತಾರೆ. ಇಷ್ಟರಲ್ಲಿ ಅದು ನಿಜಕ್ಕೂ ಕೆಲಸ ಮಾಡುವ ಜಾಗ ಒಂದೇ: ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ. ಉಳಿದ ಕಡೆ ಅದರಿಂದ ಹುಳುವಿಗಿಂತ ಮನೆಯವರಿಗೇ ಹೆಚ್ಚು ತೊಂದರೆ.

ನುಸಿಗುಳಿಗೆ ಹುಳುವನ್ನು ಕೊಲ್ಲುವುದು ಹೇಗೆ?

ಗುಳಿಗೆ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಉತ್ಪತನಕ್ಕೆ ಕೊಡುವ ಉದಾಹರಣೆ ಇದೇ. ಆ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ದಟ್ಟವಾಗಿ ತುಂಬಿ ವಾರಗಟ್ಟಲೆ ನಿಂತರೆ ಬಟ್ಟೆಯೊಳಗಿನ ಮರಿಹುಳು ಸಾಯುತ್ತದೆ. ಸಂದುಗಳಿಂದ ಸೋರಿಹೋಗುತ್ತಿದ್ದರೆ ಆವಿ ದಟ್ಟವಾಗುವುದೇ ಇಲ್ಲ. ಕೋಣೆಗೆ ಕಾಲಿಟ್ಟ ಕೂಡಲೇ ಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಎರಡು ಮಾತು ಖಾತ್ರಿ: ಪೆಟ್ಟಿಗೆ ಸರಿಯಾಗಿ ಮುಚ್ಚಿಲ್ಲ, ಮತ್ತು ಹುಳುವಿಗೆ ಇಟ್ಟಿದ್ದನ್ನು ನೀವು ಉಸಿರಾಡುತ್ತಿದ್ದೀರಿ.

ಮಾರುವುದೆಲ್ಲ ಒಂದೇ ಬಗೆಯದೇ?

ಅಲ್ಲ, ಮೂರು ಬಗೆ ಇವೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಿಗುವ ಬಿಳಿ ಉಂಡೆ ಹೆಚ್ಚಾಗಿ ನ್ಯಾಫ್ತಲೀನ್. ಕಲ್ಲಿದ್ದಲಿನ ಡಾಂಬರಿನಿಂದ ತೆಗೆಯುತ್ತಿದ್ದುದರಿಂದಲೇ ಡಾಂಬರು ಗುಳಿಗೆ ಎಂಬ ಹೆಸರು. ಎರಡನೆಯದು ಪ್ಯಾರಾಡೈಕ್ಲೋರೋಬೆಂಜೀನ್. ಇದು ನ್ಯಾಫ್ತಲೀನಿಗಿಂತ ಬಹಳ ಬೇಗ ಆವಿಯಾಗುತ್ತದೆ. ಟಾಯ್ಲೆಟ್ಟಿನಲ್ಲಿ ತೂಗುಹಾಕುವ ಬಣ್ಣದ ಬಿಲ್ಲೆಗಳಲ್ಲೂ ಬಳಕೆಯಲ್ಲಿದೆ. ಮೂರನೆಯದು ಕರ್ಪೂರ. ಹುಳುವನ್ನು ದೂರವಿಡುವುದರಲ್ಲಿ ಇದು ಉಳಿದೆರಡಕ್ಕಿಂತ ಮೃದು. ಹಾಗೆಂದು ನಿರಪಾಯವಲ್ಲ.

ಪೊಟ್ಟಣದ ಮೇಲೆ ಏನೂ ಬರೆದಿಲ್ಲ. ಯಾವುದೆಂದು ತಿಳಿಯುವುದು ಹೇಗೆ?

ಎರಡು ಲೋಟ, ಸ್ವಲ್ಪ ಉಪ್ಪು ಇದ್ದರೆ ಸಾಕು. ಮೊದಲ ಲೋಟದ ತುಂಬ ಬರೀ ನೀರು ಹಾಕಿ ಗುಳಿಗೆ ಬಿಡಿ. ತೇಲಿದರೆ ಕರ್ಪೂರ. ಮುಳುಗಿದರೆ ಎರಡನೆಯ ಲೋಟಕ್ಕೆ ಸುಮಾರು 120 ಮಿ.ಲೀ. ಉಗುರುಬೆಚ್ಚಗಿನ ನೀರು ಹಾಕಿ, 3 ದೊಡ್ಡ ಚಮಚ ಉಪ್ಪು ಬೆರೆಸಿ, ಇನ್ನು ಕರಗದೆ ತಳದಲ್ಲಿ ಉಪ್ಪು ಉಳಿಯುವವರೆಗೂ ಕಲಕಿ. ಈ ನೀರಿನಲ್ಲಿ ತೇಲಿದರೆ ನ್ಯಾಫ್ತಲೀನ್, ಮುಳುಗಿದರೆ ಪ್ಯಾರಾಡೈಕ್ಲೋರೋಬೆಂಜೀನ್. ಗುಳಿಗೆಗೆ ಗಾಳಿಗುಳ್ಳೆ ಅಂಟಿದ್ದರೆ ಮುಳುಗಬೇಕಾದ್ದೂ ತೇಲುತ್ತದೆ, ಚಮಚದಿಂದ ತಟ್ಟಿ ನೋಡಿ. ಉಪ್ಪು ಕಡಿಮೆಯಾದರೆ ನ್ಯಾಫ್ತಲೀನೂ ಮುಳುಗಿ ದಾರಿ ತಪ್ಪಿಸುತ್ತದೆ. ಈ ಕೆಲಸಕ್ಕೆ ಅಡುಗೆಮನೆಯ ಲೋಟ ಬೇಡ, ಎಸೆಯುವ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿಕೊಳ್ಳಿ. ಮಗು ಗುಳಿಗೆ ನುಂಗಿದಾಗ ಡಾಕ್ಟರು ಮೊದಲು ಕೇಳುವುದೇ ಅದು ಯಾವ ಬಗೆಯದು ಎಂದು. ಆದ್ದರಿಂದ ಮೊದಲೇ ತಿಳಿದು ಡಬ್ಬಿಯ ಮೇಲೆ ಬರೆದಿಡುವುದು ಒಳ್ಳೆಯದು.

ಜೊತೆಗೆ ಒಂದೆರಡು ಕರ್ಪೂರವನ್ನೂ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ?

ಹಾಕಬೇಡಿ. ನ್ಯಾಫ್ತಲೀನ್ ಒಂದೇ ಇದ್ದಾಗ ಅದು ಕರಗಲು 80 ಡಿಗ್ರಿ ಸೆಲ್ಸಿಯಸ್ ಬೇಕು, ಕರ್ಪೂರಕ್ಕೆ ಅದರ ಎರಡರಷ್ಟಕ್ಕಿಂತಲೂ ಹೆಚ್ಚು. ಆದರೆ ಎರಡೂ ಒಂದಕ್ಕೊಂದು ತಾಗಿದರೆ ಬೇಸಿಗೆಯ ಸೆಕೆಗೇ ಕರಗಿ ಎಣ್ಣೆಯಂತಾಗುತ್ತವೆ. ನ್ಯಾಫ್ತಲೀನಿನ ಜೊತೆ ಪ್ಯಾರಾಡೈಕ್ಲೋರೋಬೆಂಜೀನ್ ಸೇರಿದರೂ ಅಷ್ಟೆ. ಟ್ರಂಕು ತೆಗೆದಾಗ ಸೀರೆಯ ಮೇಲೆ ಜಿಡ್ಡಿನ ಕಲೆ ಕಂಡು, ಎಣ್ಣೆ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳುವವರ ಮನೆಯಲ್ಲಿ ಬಹಳ ಸಲ ಇದೇ ಆಗಿರುತ್ತದೆ. ಒಂದು ಪೆಟ್ಟಿಗೆಗೆ ಒಂದೇ ಬಗೆ. ಹಳೆಯ ಪೊಟ್ಟಣ ಮುಗಿದು ಹೊಸದು ತಂದಾಗಲೂ ಅದೇ ಬಗೆಯದೇ ಎಂದು ನೋಡಿಕೊಳ್ಳಿ.

ಬಟ್ಟೆ ತಿನ್ನುವ ಹುಳು ಯಾವುದು?

ಹಾರುವ ಪತಂಗ ತಿನ್ನುವುದಿಲ್ಲ, ಅದರ ಮರಿ ತಿನ್ನುತ್ತದೆ. ಮರಿಗೆ ಬೇಕಾದದ್ದು ಉಣ್ಣೆ, ತುಪ್ಪಳ, ಗರಿ, ಕೂದಲು ಮುಂತಾದ ಪ್ರಾಣಿಜನ್ಯ ನಾರು; ರೇಷ್ಮೆಯನ್ನೂ ಬಿಡುವುದಿಲ್ಲ. ಶುದ್ಧ ಹತ್ತಿ, ಪಾಲಿಯೆಸ್ಟರ್ ಬಟ್ಟೆಗೆ ಅದು ಬಾಯಿ ಹಾಕುವುದು ಬೆವರು, ಎಣ್ಣೆ, ಊಟದ ಕಲೆ ಇದ್ದಾಗ ಮಾತ್ರ. ಹತ್ತಿ ಬಟ್ಟೆಯಲ್ಲಿ ಕೆರೆದಂಥ ತೂತು ಕಂಡರೆ ಸಿಲ್ವರ್ ಫಿಶ್ ಎಂಬ ಬೆಳ್ಳಿ ಬಣ್ಣದ, ಸರ್ರನೆ ಓಡುವ ಹುಳುವಿನ ಮೇಲೆ ಅನುಮಾನ ಪಡಿ. ಅದಕ್ಕೆ ಗಂಜಿ ಎಂದರೆ ಪ್ರಾಣ. ಗಂಜಿ ಹಾಕಿದ ಹತ್ತಿ ಸೀರೆ, ಪಂಚೆಗಳನ್ನು ವರ್ಷಗಟ್ಟಲೆ ಎತ್ತಿಡುವುದಾದರೆ ಗಂಜಿ ಹೋಗುವಂತೆ ಒಗೆದೇ ಇಡಬೇಕು.

ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಇದ್ದರೆ ಹೆಚ್ಚು ಎಚ್ಚರ ಬೇಕು. ಅದು ಉಣ್ಣೆಯೂ ಹೌದು, ನೇಯುವಾಗ ಹುಣಸೆಬೀಜದ ಗಂಜಿ ಹಿಡಿದದ್ದೂ ಹೌದು. ಎರಡೂ ಜಾತಿಯ ಹುಳುವಿಗೆ ಊಟ ಅಲ್ಲಿದೆ.

ಗೋಡೆಯ ಮೇಲೆ ಸೌತೆಬೀಜದಂಥ ಬೂದು ಚೀಲ ಹೊತ್ತು ತೆವಳುವ ಹುಳುವೂ ಇದೇ ಬಳಗದ ಪತಂಗದ ಮರಿ. ಜೇಡರ ಬಲೆ, ಉದುರಿದ ಕೂದಲು, ದೂಳು ತಿಂದು ಬದುಕುತ್ತದೆ. ಅದಕ್ಕೆ ನುಸಿಗುಳಿಗೆ ಬೇಕಿಲ್ಲ, ಪೊರಕೆ ಸಾಕು.

ಟ್ರಂಕಿನಲ್ಲಿ ಇಡುವ ಸರಿಯಾದ ಕ್ರಮ ಯಾವುದು?

ಮೊದಲು ಬಟ್ಟೆ ಒಗೆಯಿರಿ ಅಥವಾ ಡ್ರೈಕ್ಲೀನ್ ಮಾಡಿಸಿ. ಒಮ್ಮೆ ಉಟ್ಟು ಮಡಿಸಿಟ್ಟ ಬಟ್ಟೆಯೊಳಗೆ ಮೊಟ್ಟೆ ಇದ್ದರೆ ಹುಳುವನ್ನು ನೀವೇ ಒಳಗಿಟ್ಟು ಬೀಗ ಹಾಕಿದಂತೆ. ಕಾಲರಿನ ಹಿಂದೆ, ಜೇಬಿನ ಮೂಲೆ, ಸ್ವೆಟರಿನ ಹೊಲಿಗೆಗಳನ್ನು ಬ್ರಷ್ಷಿನಿಂದ ಉಜ್ಜಿ. ಬಟ್ಟೆ ಪೂರ್ತಿ ಒಣಗಿರಲಿ. ಮಲೆನಾಡು, ಕರಾವಳಿಯಲ್ಲಿ ಈ ಕೆಲಸವನ್ನು ಮಳೆಗಾಲಕ್ಕೆ ಮುಂಚೆ, ಏಪ್ರಿಲ್–ಮೇ ಬಿಸಿಲಿನಲ್ಲೇ ಮುಗಿಸಿ. ತೇವವನ್ನು ಒಳಗಿಟ್ಟು ಮುಚ್ಚಿದರೆ ಬೂಷ್ಟು ಬರುತ್ತದೆ, ಬೂಷ್ಟಿಗೆ ನುಸಿಗುಳಿಗೆ ಮದ್ದಲ್ಲ.

ಟ್ರಂಕಿನ ತಳಕ್ಕೆ ಹಳೇ ಬಿಳಿ ಪಂಚೆ ಹಾಸಿ ಬಟ್ಟೆ ಜೋಡಿಸಿ, ಒತ್ತಿ ತುರುಕಬೇಡಿ. ಗುಳಿಗೆಗಳನ್ನು ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಎಲ್ಲಕ್ಕಿಂತ ಮೇಲೆ ಇಡಿ. ಆವಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ, ಕೆಳಗೆ ಇಳಿಯುತ್ತದೆ. ಬಹಳ ಮಂದಿ ತಳದಲ್ಲಿ ಉದುರಿಸಿ ಮೇಲೆ ಬಟ್ಟೆ ಪೇರಿಸುತ್ತಾರೆ, ಮೇಲಿನ ಸ್ವೆಟರಿಗೇ ತೂತು ಬೀಳುತ್ತದೆ. ಮುಚ್ಚಳದ ಸಂದಿಗೆ ಅಗಲವಾದ ಅಂಟುಟೇಪ್ ಸುತ್ತಿ, ದಿನಾಂಕ ಬರೆದು, ಕನಿಷ್ಠ 3 ವಾರ ತೆಗೆಯದೆ ಬಿಡಿ. ಪದೇ ಪದೇ ತೆಗೆದರೆ ತುಂಬಿದ ಆವಿಯೆಲ್ಲ ಹೋಗುತ್ತದೆ. ಪೆಟ್ಟಿಗೆಯನ್ನು ಮಲಗುವ ಕೋಣೆಯಲ್ಲಿ ಇಡಬೇಡಿ, ಅಟ್ಟ ಅಥವಾ ಸ್ಟೋರ್ ರೂಮು ವಾಸಿ. ದೀಪ, ಒಲೆಯ ಹತ್ತಿರವೂ ಬೇಡ. ಮೂರೂ ಬಗೆಯವು ಉರಿಯುವ ವಸ್ತುಗಳೇ.

ಎಷ್ಟು ಗುಳಿಗೆ ಹಾಕಬೇಕು?

ಪೊಟ್ಟಣದ ಮೇಲೆ ಅಳತೆ ಇದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ ರೂಢಿಯ ಅಂದಾಜು 100 ಘನ ಅಡಿ ಜಾಗಕ್ಕೆ 1 ಪೌಂಡು, ಅಂದರೆ ಸುಮಾರು 450 ಗ್ರಾಂ. ಉದ್ದ 90, ಅಗಲ 45, ಎತ್ತರ 40 ಸೆಂ.ಮೀ. ಇರುವ ತಗಡಿನ ಟ್ರಂಕನ್ನು ತೆಗೆದುಕೊಳ್ಳಿ. ಗುಣಿಸಿದರೆ 162 ಲೀಟರು, ಘನ ಅಡಿಯಲ್ಲಿ 5.7. ಅದಕ್ಕೆ 26 ಗ್ರಾಂ ಬೇಕು. ಪೊಟ್ಟಣದ ತೂಕವನ್ನು ಒಳಗಿರುವ ಗುಳಿಗೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದರ ತೂಕ ಸಿಗುತ್ತದೆ. 3 ಗ್ರಾಮಿನದಾದರೆ 8 ಅಥವಾ 9 ಗುಳಿಗೆ. ಇಡೀ ಪೊಟ್ಟಣ ಸುರಿದರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ, ವಾಸನೆ ಬಿಡಿಸುವ ಕೆಲಸ ಮಾತ್ರ ಹೆಚ್ಚುತ್ತದೆ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗುಳಿಗೆ ಬೇಗ ಸವೆಯುತ್ತದೆ, ಬೆಂಗಳೂರಿನಲ್ಲಿ ನಿಧಾನ. ಎರಡು ಮೂರು ತಿಂಗಳಿಗೊಮ್ಮೆ ಗಂಟು ಬಿಚ್ಚಿ ನೋಡಿ, ಕಡಲೆಕಾಳಿನಷ್ಟಾಗಿದ್ದರೆ ಬದಲಿಸಿ.

ದಿನಾ ಬಳಸುವ ಬೀರು, ವಾರ್ಡ್‌ರೋಬಿನಲ್ಲಿ ಇಡಬಹುದೇ?

ಬೇಡ. ದಿನಕ್ಕೆ ನಾಲ್ಕು ಸಲ ತೆಗೆಯುವ ಬಾಗಿಲಿನ ಹಿಂದೆ ಆವಿ ನಿಲ್ಲುವುದಿಲ್ಲ. ಫ್ಲಾಟುಗಳ ಗೋಡೆ ವಾರ್ಡ್‌ರೋಬ್ ಇರುವುದೇ ಮಲಗುವ ಕೋಣೆಯಲ್ಲಿ. ರಾತ್ರಿಯಿಡೀ ಅದನ್ನು ಉಸಿರಾಡುವುದು ನೀವು. ಅಲ್ಲಿ ಉಣ್ಣೆ, ರೇಷ್ಮೆ ಇದ್ದರೆ ಅವನ್ನು ಗಟ್ಟಿ ಜಿಪ್ಪಿನ ಕವರಿಗೆ ಹಾಕಿ ಬೇರೆ ಇಡಿ.

ಮೈಸೂರು ಸಿಲ್ಕ್, ಇಳಕಲ್ ಸೀರೆಗಳಿಗೆ ಇದು ಸರಿಯೇ?

ರೇಷ್ಮೆ ಸೀರೆಗೆ ನುಸಿಗುಳಿಗೆ ಇಲ್ಲದೆ ಇಡುವುದೇ ಮೇಲು. ಜರಿಗೆ ಗುಳಿಗೆ ನೇರ ತಾಗಿದರೆ ಹೊಳಪು ಮಂಕಾಗುತ್ತದೆಂದು ರೇಷ್ಮೆ ಅಂಗಡಿಯವರೇ ಎಚ್ಚರಿಸುತ್ತಾರೆ. ಒಂದೊಂದು ಸೀರೆಯನ್ನೂ ಒಗೆದ ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಹೊರತೆಗೆದು ನೆರಳಿನಲ್ಲಿ ಒಂದೆರಡು ಗಂಟೆ ಗಾಳಿಗೆ ಹಾಕಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಜರಿ ಅಲ್ಲೇ ಮುರಿದು ಸೀರೆ ಸೀಳುತ್ತದೆ. ಆಗ ಹುಳುವಿನ ಮೇಲೆ ತಪ್ಪು ಹೊರಿಸುತ್ತಾರೆ. ಪ್ಲಾಸ್ಟಿಕ್ ಗುಂಡಿ, ಬ್ರೂಚ್ ಇರುವ ಬಟ್ಟೆಯಾದರೆ ಇನ್ನೊಂದು ತಕರಾರು: ಈ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ.

ಬಾಣಂತಿ, ಹಸುಗೂಸು ಇರುವ ಮನೆಯಲ್ಲಿ?

ಇಲ್ಲಿ ರಾಜಿಯೇ ಇಲ್ಲ. ನ್ಯಾಫ್ತಲೀನ್ ದೇಹದೊಳಗೆ ಸೇರಿ ಬದಲಾದಾಗ ಉಂಟಾಗುವ ವಸ್ತುಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಇದು ಬಹಳ ಬೇಗ ಆಗುತ್ತದೆ. ಆ ಕೊರತೆ ಹುಟ್ಟಿನಿಂದ ಬರುವಂಥದ್ದು, ಗಂಡುಮಕ್ಕಳಲ್ಲಿ ಹೆಚ್ಚು, ತಮಗಿದೆ ಎಂದು ಬಹುತೇಕರಿಗೆ ಗೊತ್ತೇ ಇರುವುದಿಲ್ಲ. ಕೊರತೆ ಇಲ್ಲದ ಎಳೆಗೂಸಿಗೂ ಈ ವಿಷವನ್ನು ಹೊರಹಾಕುವಷ್ಟು ಯಕೃತ್ತು ಬಲಿತಿರುವುದಿಲ್ಲ. ಕಾಮಾಲೆ ಏರಿದರೆ ಮೆದುಳಿಗೂ ಪೆಟ್ಟಾಗಬಹುದು.

ನಮ್ಮ ಬಾಣಂತನದ ಪದ್ಧತಿಯಲ್ಲಿ ಇದು ಸೇರಿಕೊಳ್ಳುವ ದಾರಿ ನೋಡಿ. ಕೂಸಿಗೆಂದು ಅಜ್ಜಿ ಟ್ರಂಕಿನಿಂದ ಹಳೇ ಹತ್ತಿ ಸೀರೆಯ ತುಂಡು, ಕುಲಾವಿ, ಕೌದಿ ತೆಗೆಯುತ್ತಾರೆ. ಅವು ವರ್ಷಗಟ್ಟಲೆ ಗುಳಿಗೆಯ ಜೊತೆ ಇದ್ದವು. ಕೂಸಿಗೆ ಎಣ್ಣೆ ನೀವಿ, ಅದೇ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ನ್ಯಾಫ್ತಲೀನ್ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಎಣ್ಣೆ ಹಚ್ಚಿದ ಚರ್ಮದ ಮೂಲಕ ಒಳಗಿಳಿಯುವುದು ಸುಲಭ. ನುಸಿಗುಳಿಗೆಯಲ್ಲಿಟ್ಟ ಬಟ್ಟೆ, ಹೊದಿಕೆಯಿಂದ ಎಳೆಮಕ್ಕಳ ರಕ್ತಕಣ ಒಡೆದು ಸಾವು ಸಂಭವಿಸಿದ ಪ್ರಕರಣಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ಒಮ್ಮೆ ಒಗೆದರೆ ಸಾಲದು, ನ್ಯಾಫ್ತಲೀನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಕೂಸಿನ ಬಟ್ಟೆಯನ್ನು ಎಂದೂ ಗುಳಿಗೆಯ ಜೊತೆ ಇಡಬೇಡಿ. ಇಟ್ಟಿದ್ದರೆ ಆ ಬಟ್ಟೆ ಕೂಸಿಗೆ ಬೇಡ. ಬಸುರಿಯರೂ ಈ ಆವಿಯಿಂದ ದೂರವಿರಬೇಕು. ಮಗು ಬಿಳಿಚಿಕೊಂಡರೆ, ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ನುಸಿಗುಳಿಗೆಯ ವಿಷಯವನ್ನು ನೀವಾಗಿಯೇ ಹೇಳಿ.

ಮಗು ಗುಳಿಗೆ ಬಾಯಿಗೆ ಹಾಕಿಕೊಂಡರೆ ಏನು ಮಾಡಬೇಕು?

ಬಾಯಲ್ಲಿರುವುದನ್ನು ತೆಗೆದು ನೀರಿನಿಂದ ಬಾಯಿ ತೊಳೆಯಿರಿ. ವಾಂತಿ ಮಾಡಿಸಬೇಡಿ. ಹಾಲು, ತುಪ್ಪ, ಹರಳೆಣ್ಣೆ ಕುಡಿಸಬೇಡಿ. ಹಾಲು ವಿಷ ಇಳಿಸುತ್ತದೆಂಬ ನಂಬಿಕೆ ಇಲ್ಲಿ ತಿರುಗುಬಾಣ. ಕೊಬ್ಬು ಸೇರಿದರೆ ನ್ಯಾಫ್ತಲೀನ್ ಇನ್ನೂ ಬೇಗ ರಕ್ತಕ್ಕೆ ಹೋಗುತ್ತದೆ. ಪೊಟ್ಟಣ, ಉಳಿದ ಗುಳಿಗೆ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸಿಗೆ 108. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117.

ಮಗು ಆಡಿಕೊಂಡಿದೆ ಎಂದು ಸುಮ್ಮನಾಗಬೇಡಿ. ನ್ಯಾಫ್ತಲೀನಿನಿಂದ ರಕ್ತಕಣ ಒಡೆಯುವುದು ಕಾಣಿಸಿಕೊಳ್ಳುವುದೇ ಒಂದರಿಂದ ಮೂರು ದಿನದ ಮೇಲೆ. ಒಂದೇ ಗುಳಿಗೆಯಿಂದಲೂ ಹಾಗಾಗಬಹುದು. ಕರ್ಪೂರದ್ದು ಇದಕ್ಕೆ ತದ್ವಿರುದ್ಧ: ನುಂಗಿದ ಕೆಲವು ನಿಮಿಷದಿಂದ ಒಂದೂವರೆ ಗಂಟೆಯೊಳಗೆ ಫಿಟ್ಸ್ ಬರಬಹುದು, ಚಿಕ್ಕ ಮಗುವಿಗೆ 1 ಗ್ರಾಮೇ ಅಪಾಯ. ಮಂಗಳಾರತಿಯ ಕರ್ಪೂರದ ಡಬ್ಬಿಯನ್ನು ದೇವರ ಮುಂದೆ ಮಗುವಿನ ಕೈಗೆ ಎಟುಕುವಂತೆ ಇಡುವ ಮನೆಗಳೇ ಹೆಚ್ಚು. ಅದನ್ನೂ ಮೇಲಿಡಿ. ಎರಡೂ ನೋಡಲು ಪೆಪ್ಪರ್‌ಮೆಂಟಿನ ಹಾಗೆಯೇ ಇವೆ.

ಇದರಿಂದ ಕ್ಯಾನ್ಸರ್ ಬರುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನ್ಯಾಫ್ತಲೀನ್ ಮತ್ತು ಪ್ಯಾರಾಡೈಕ್ಲೋರೋಬೆಂಜೀನ್ ಎರಡನ್ನೂ 2ಬಿ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆಧಾರ ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗ. ಐರೋಪ್ಯ ಒಕ್ಕೂಟದಲ್ಲಿ 2008ರಿಂದ ನ್ಯಾಫ್ತಲೀನ್ ಗುಳಿಗೆ ಮಾರುವಂತಿಲ್ಲ. ಅಮೆರಿಕದಲ್ಲಿ ಇದು ಕೀಟನಾಶಕವೆಂದು ನೋಂದಣಿಯಾದ ವಸ್ತು, ಲೇಬಲ್ಲಿನಲ್ಲಿ ಹೇಳದ ಕಡೆ ಹಾಕುವುದು ಕಾನೂನಿಗೆ ವಿರುದ್ಧ. ಊರಿನಿಂದ ಪೊಟ್ಟಣ ಕಟ್ಟಿಕೊಂಡು ಹೋಗುವವರು ಇದನ್ನು ನೆನಪಿಡಿ.

ಬೇಸಿನ್, ಬಚ್ಚಲಿನ ಜಾಲರಿಯ ಮೇಲೆ ಹಾಕಿದರೆ ಜಿರಳೆ ಬರುವುದಿಲ್ಲವೇ?

ಬರುತ್ತವೆ. ಬಯಲಲ್ಲಿಟ್ಟ ಗುಳಿಗೆ ಮೋರಿಯ ನಾತವನ್ನು ತನ್ನ ವಾಸನೆಯಿಂದ ಮುಚ್ಚುತ್ತದೆ, ಅಷ್ಟೆ. ನಾತ, ಜಿರಳೆ ಎರಡೂ ಬರುವುದು ಹೆಚ್ಚಾಗಿ ನಹಾನಿ ಟ್ರ್ಯಾಪಿನಲ್ಲಿ, ಅಂದರೆ ಜಾಲರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ, ನೀರು ಒಣಗಿದಾಗ. ಆ ಬಾಗಿದ ಭಾಗದಲ್ಲಿ ನಿಂತ ನೀರೇ ಮೋರಿಗೂ ಮನೆಗೂ ನಡುವಿನ ತಡೆ. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿಯಿರಿ, ಒಡೆದ ಜಾಲರಿ ಬದಲಿಸಿ, ಬೇಸಿನ್ನಿನ ಕೆಳಗಿನ ಪೈಪು ನೆಲದೊಳಗೆ ಹೋಗುವ ತೂತನ್ನು ಸಿಮೆಂಟಿನಿಂದ ಮುಚ್ಚಿ.

ಹಾವು, ಇಲಿ, ಹಲ್ಲಿ?

ಯಾವುದಕ್ಕೂ ಆಗುವುದಿಲ್ಲ. ಮನೆ ಸುತ್ತ ಗುಳಿಗೆ ಉದುರಿಸಿದರೆ ಹಾವು ನಿಲ್ಲುವುದಿಲ್ಲ, ಮಣ್ಣು ಮತ್ತು ಬಾವಿಯ ನೀರು ಕೆಡುತ್ತದೆ, ನಾಯಿ ನೆಕ್ಕುತ್ತದೆ. ಹಾವು ಬರುವುದು ಇಲಿ, ಕಪ್ಪೆಗಾಗಿ. ಸೌದೆ ರಾಶಿ, ಹಂಚಿನ ರಾಶಿಯನ್ನು ಗೋಡೆಯಿಂದ ದೂರ ಸರಿಸುವುದು, ಕಾಳು ಚೆಲ್ಲದಿರುವುದು ಕೆಲಸಕ್ಕೆ ಬರುವ ಉಪಾಯ. ಕಾರಿನೊಳಗೆ ಇಲಿಗೆಂದು ಇಡುವುದಂತೂ ತೀರಾ ಕೆಟ್ಟದ್ದು: ಬಿಸಿಲಿಗೆ ಕಾದ ಕಾರಿನಲ್ಲಿ ಆವಿ ತುಂಬಿಕೊಂಡು, ಬಾಗಿಲು ತೆಗೆದವರ ಮುಖಕ್ಕೇ ರಾಚುತ್ತದೆ.

ಅಕ್ಕಿ, ಬೇಳೆಯ ಡಬ್ಬಿಯ ಪಕ್ಕ ಇಡಬಹುದೇ?

ಇಡಬಾರದು. ಅಡುಗೆಮನೆಗೇ ತರಬಾರದು. ಆವಿ ಆಹಾರಕ್ಕೆ, ಅದರಲ್ಲೂ ಎಣ್ಣೆ ಅಂಶ ಇರುವ ಪದಾರ್ಥಕ್ಕೆ ಇಳಿಯುತ್ತದೆ.

ಪುಸ್ತಕದ ಕಪಾಟಿಗೆ?

ಗಾಜಿನ ಬಾಗಿಲಿನ, ಬಿಗಿಯಾಗಿ ಮುಚ್ಚುವ ಕಪಾಟಾದರೆ ಸ್ವಲ್ಪ ಉಪಯೋಗವಿದೆ. ತೆರೆದ ಶೆಲ್ಫಿಗೆ ದಂಡ. ಪುಸ್ತಕ ಹಾಳಾಗುವ ಮೂಲ ತೇವ. ಕಪಾಟನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದಿಟ್ಟು, ಮಳೆ ಬಿಟ್ಟ ದಿನ ಬಾಗಿಲು ತೆಗೆದು ಗಾಳಿಯಾಡಿಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಿಲ್ವರ್ ಫಿಶ್ ತಾನಾಗಿ ಕಡಿಮೆಯಾಗುತ್ತದೆ.

ಬಟ್ಟೆಯಿಂದ ವಾಸನೆ ಬಿಡಿಸುವುದು ಹೇಗೆ?

ಗಾಳಿಯೇ ಮೊದಲ ಮದ್ದು. ಬಾಲ್ಕನಿ ಅಥವಾ ಅಂಗಳದ ನೆರಳಿನಲ್ಲಿ, ಬಟ್ಟೆ ಬಟ್ಟೆಗೆ ತಾಗದಂತೆ ಎರಡು ಮೂರು ದಿನ ನೇತುಹಾಕಿ. ಆಮೇಲೆ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಒಗೆಯಿರಿ, ರೇಷ್ಮೆಗೆ ಮಾತ್ರ ಬೇಡ. ಗಾಳಿಗೆ ಹಾಕದೆ ನೇರ ಇಸ್ತ್ರಿ ಮಾಡಬೇಡಿ. ಬಿಸಿಗೆ ಆವಿಯೆಲ್ಲ ಒಮ್ಮೆಲೇ ಎದ್ದು ಇಸ್ತ್ರಿ ಮಾಡುವವರ ಮೂಗಿಗೆ ಹೋಗುತ್ತದೆ. ಖಾಲಿ ಟ್ರಂಕಿಗೆ ಬಟ್ಟಲಲ್ಲಿ ಇದ್ದಿಲು ಇಟ್ಟು ಮುಚ್ಚಿ, ಕೆಲವು ದಿನಕ್ಕೊಮ್ಮೆ ಇದ್ದಿಲು ಬದಲಿಸಿ.

ನುಸಿಗುಳಿಗೆ ಇಲ್ಲದೆ ನಡೆಯುತ್ತದೆಯೇ?

ಚೆನ್ನಾಗಿ ನಡೆಯುತ್ತದೆ. ಸ್ವೆಟರ್, ಶಾಲುಗಳಿಗೆ ಫ್ರೀಜರ್ ಒಳ್ಳೆಯದು. ಜಿಪ್ ಕವರಿಗೆ ಹಾಕಿ, ಗಾಳಿ ಹಿಂಡಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಡಿ. ದಪ್ಪ ಕಂಬಳಿಗೆ ಎರಡು ವಾರ. ಹೊರತೆಗೆದ ಮೇಲೆ ಕವರು ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಗೆ ನೀರಿನ ಪಸೆ ಕೂರುತ್ತದೆ. ಹಳೇ ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುತ್ತದೆಂದು ನೆಚ್ಚಿಕೊಳ್ಳಬೇಡಿ. ಬೇವಿನೆಲೆ, ಲವಂಗ, ಲಾವಂಚದ ಬೇರು ಪರಿಮಳಕ್ಕೆ ಸರಿ, ಹೊಸ ಪತಂಗವನ್ನು ಸ್ವಲ್ಪ ದೂರ ಇಡಬಹುದು. ಒಳಗೆ ಇಟ್ಟಾಗಿರುವ ಮೊಟ್ಟೆಯನ್ನು ಅವು ಕೊಲ್ಲುವುದಿಲ್ಲ.

ಉಳಿದ ಗುಳಿಗೆ ಏನು ಮಾಡುವುದು?

ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ, ಹೆಸರು ಬರೆದು, ಬೀಗ ಹಾಕುವ ಕಪಾಟಿನಲ್ಲಿಡಿ. ಎಸೆಯುವುದಾದರೆ ಟಾಯ್ಲೆಟ್ಟಿಗೆ, ಮೋರಿಗೆ ಹಾಕಬೇಡಿ, ಕಸದ ಜೊತೆ ಸುಡಬೇಡಿ. ಗಟ್ಟಿ ಕವರಿನಲ್ಲಿ ಕಟ್ಟಿ, ಬಲ್ಬು, ಬ್ಯಾಟರಿ, ಹಳೇ ಔಷಧಿಗಳ ಹಾಗೆ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ, ಕಸ ಒಯ್ಯುವವರಿಗೆ ಒಳಗೇನಿದೆ ಎಂದು ಹೇಳಿ.